ಎದುರು ಸುತ್ತು

ಆ ಬುಧವಾರ ಕಾರ್ಖಾನೆಯ ಹಳೆಯ ಫೋರ್‌ಮನ್ನರ ಕಾಲು ನೆಲದ ಮೇಲೆ ಇರಲಿಲ್ಲ. ಇರುವುದಾದರೂ ಹೇಗೆ? ಇನ್ನೊಬ್ಬರನ್ನು ಹೊಗಳಿದರೆ ತನ್ನ ಹಲ್ಲು ಉದುರೀತೆಂದು ಹೆದರಿ ಬದುಕಿದ ದೋಣಿಯವನು, ಆ ಜಿಪುಣ ಬಾಯಿಯ ಹಳೆಯ ಗೆಳೆಯ, ಮೆಟ್ಟಿಲು ಹತ್ತಿ ಮನೆಗೆ ಬಂದು, ಕೂರುವ ಮೊದಲೇ ಶುರು ಮಾಡಿದ್ದ.

"ಅಲ್ಲಯ್ಯಾ ಫೋರ್‌ಮನ್ನೇ, ಈಚೆಗೆ ಅದೇನು ಮಂತ್ರ ಹಾಕಿ ಕಟ್ತಿದೀಯ? ಮೊದಲೆಲ್ಲಾ ಒಂದೆರಡು ಮೀನು ಕಚ್ಚಿದ್ರೆ ಸಾಕು, ಕೂದಲು ಕಿತ್ತು ಕೈಗೆ ಬರ್ತಿತ್ತು. ಈಗ ನೋಡು, ಕಚ್ಚಿ ಕಚ್ಚಿ ಕೂದಲೇ ಸವೆದುಹೋಗಿದೆ, ಗಂಟು ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ!"

ಹಾಗೆಂದು ಒಂದು ಮುರುಕಲು ಜಿಗ್ ತೆಗೆದು ಅವರ ಅಂಗೈಯಲ್ಲಿಟ್ಟ.

ಜಿಗ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಗಾಳದ ಕುತ್ತಿಗೆಗೆ ಸೀಸ ಎರಕ ಹೊಯ್ದು ಕಡಲೆಕಾಳಿನಷ್ಟು ತಲೆ ಮಾಡಬೇಕು, ತಲೆಗೆ ಬಣ್ಣ ಬಳಿಯಬೇಕು, ತಲೆಯ ಹಿಂದೆ ಜಿಂಕೆ ಬಾಲದ ಕೂದಲಿಟ್ಟು ನೂಲಿನಿಂದ ಬಿಗಿಯಬೇಕು, ಗಂಟಿನ ಮೇಲೆ ವಾರ್ನಿಶ್ ಹಚ್ಚಬೇಕು. ನೀರಿನಲ್ಲಿ ಎಳೆದಾಗ ಕೂದಲು ಅರಳಿ ಮುದುಡಿ ಮರಿಮೀನು ಈಜಿದಂತೆ ಕಾಣಬೇಕು. ಅಷ್ಟೇ. ಆದರೆ ಆ "ಅಷ್ಟೇ" ಎನ್ನುವುದರಲ್ಲಿ ಮನುಷ್ಯನ ಅರ್ಧ ಆಯಸ್ಸು ಹೋಗುತ್ತದೆ ಎಂದು ಫೋರ್‌ಮನ್ನರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಕೂದಲು ಹೆಚ್ಚಾದರೆ ಪೊರಕೆ, ಕಡಿಮೆಯಾದರೆ ಬೋಳು. ನೂಲು ಸಡಿಲವಾದರೆ ಮೊದಲ ಮೀನಿಗೇ ಮಾನ ಹೋಯಿತು.

"ಇದಕ್ಕೆ ಹೊಸ ಕೂದಲು ಕಟ್ಟಿಕೊಡು," ಎಂದ ದೋಣಿಯವನು. "ಇನ್ನೊಂದು ವಿಷಯ. ಈ ಸಲ ದೋಣಿಮನೆಗೆ ಗಾಳ ಹಾಕೋದು ಕಲಿಯೋಕೆ ಒಂದಷ್ಟು ಹೊಸಬರು ಸೇರಿದಾರೆ. ಭಾನುವಾರ ಬೆಳಿಗ್ಗೆ ಅವರ ಮುಂದೆ ಕೂತು ಒಂದು ಜಿಗ್ ಕಟ್ಟಿ ತೋರಿಸಬೇಕು ನೀನು. ಎಲ್ಲರೂ ಬಾಯಿ ಬಿಟ್ಕೊಂಡು ಕಾಯ್ತಿದಾರೆ."

"ಅದಕ್ಕೇನಂತೆ!" ಎಂದುಬಿಟ್ಟರು ಫೋರ್‌ಮನ್ನರು. "ಕಣ್ಣು ಮುಚ್ಚಿಕೊಂಡು ಕಟ್ಟಿ ತೋರಿಸ್ತೀನಿ."

ಕೈ ನಡುಗುವ ವಿಷಯ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಟೀ ಲೋಟವನ್ನು ಅವರು ಈಗ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು, ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿಯ ಮುಂದೆ ಒಂದು ಯುದ್ಧವೇ ನಡೆಯುತ್ತಿತ್ತು. ಡಾಕ್ಟರರು ಮಾತ್ರೆ ಕೊಟ್ಟು, "ಇದು ನಿಧಾನಕ್ಕೆ ಜಾಸ್ತಿ ಆಗುತ್ತೆ, ಧೈರ್ಯವಾಗಿರಿ," ಎಂದಿದ್ದರು. ಆದರೆ ಜಿಗ್ ಕಟ್ಟುವಾಗ ಮಾತ್ರ ಕೈ ತನ್ನ ಮಾತು ಕೇಳುತ್ತದೆ ಎನ್ನುವುದು ಫೋರ್‌ಮನ್ನರ ಗಟ್ಟಿ ನಂಬಿಕೆ. ಸಂಜೆ ಕಟ್ಟುವಾಗ ನೂಲು ಜಾರಿದಂತೆ ಅನಿಸಿದರೂ ಬೆಳಿಗ್ಗೆ ನೋಡಿದರೆ ಗಂಟು ಗಟ್ಟಿಯಾಗಿಯೇ ಇರುತ್ತಿತ್ತು. ಸಾಕ್ಷಿ ಬೇಕೆ? ಇಗೋ, ದೋಣಿಯವನೇ ಬಂದು ಹೇಳಿ ಹೋದನಲ್ಲ!

ಮಧ್ಯಾಹ್ನದ ಊಟಕ್ಕೆ ಕೂತಾಗ ಅದೇ ರಾಗ. ಸೊಸೆ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ನರ್ಸು. ಬೆಳಗಿನ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು. ಮಗ ರೈಲಿನಲ್ಲಿ ಗಾರ್ಡು, ವಾರದಲ್ಲಿ ಅರ್ಧ ಹಳಿಯ ಮೇಲೇ ಇರುವವನು. ಹಾಗಾಗಿ ಮಾವನ ಜಂಬಕ್ಕೆ ಕಿವಿ ಕೊಡುವ ಭಾಗ್ಯ ಅವಳದೂ ಅತ್ತೆಯದೂ.

"ಅಭ್ಯಾಸ ಕಣಮ್ಮಾ, ಅಭ್ಯಾಸ," ಎಂದರು ಫೋರ್‌ಮನ್ನರು. "ಮೈಗೆ ವಯಸ್ಸಾಗುತ್ತೆ, ಕಸಬಿಗೆ ಆಗಲ್ಲ. ನೀನು ವಾರ್ನಿಶ್ ಹಚ್ತೀಯಲ್ಲ, ಅದು ಯಾರು ಬೇಕಾದ್ರೂ ಹಚ್ಚಬಹುದು. ಗಂಟು ಇದೆಯಲ್ಲ, ಗಂಟು! ಅದು ಕೈಯಲ್ಲಿ ಬರಬೇಕು."

"ಹೌದು ಮಾವ," ಎಂದು ಸೊಸೆ ಅನ್ನಕ್ಕೆ ಸಾರು ಹಾಕಿಕೊಂಡಳು.

ಅತ್ತೆ ಕೆಮ್ಮಿದರು. ಕೆಮ್ಮು ಬಂದು ಕೆಮ್ಮಿದ್ದಲ್ಲ ಅದು. ಆದರೆ ಫೋರ್‌ಮನ್ನರಿಗೆ ಆವತ್ತು ಅಂಥ ಸೂಕ್ಷ್ಮಗಳೆಲ್ಲ ತಲೆಗೆ ಹೋಗುತ್ತಿರಲಿಲ್ಲ.

ವಾರ್ನಿಶ್ ಕೆಲಸ ಸೊಸೆಯ ಕೈಗೆ ಹೋದದ್ದು ಹೀಗೆ. ಆ ವಾಸನೆಗೆ ಫೋರ್‌ಮನ್ನರಿಗೆ ದಮ್ಮು ಕಟ್ಟುತ್ತಿತ್ತು. ಒಮ್ಮೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದಾಗ ಸೊಸೆ, "ಮಾವ, ನೀವು ಕಟ್ಟಿಡಿ. ಬೆಳಿಗ್ಗೆ ಡ್ಯೂಟಿಗೆ ಹೋಗೋ ಮೊದಲು ಬಾಲ್ಕನಿಯಲ್ಲಿ ಕೂತು ವಾರ್ನಿಶ್ ನಾನು ಹಚ್ತೀನಿ," ಎಂದಿದ್ದಳು. ಒಪ್ಪಿಕೊಳ್ಳಲು ಅವರಿಗೆ ಒಂದು ವಾರ ಬೇಕಾಯಿತು. ಒಪ್ಪಿದ ಮೇಲೆ ನಿಯಮಗಳ ಮಳೆ: ಒಂದೇ ಹನಿ ಹಾಕು, ಕೂದಲಿಗೆ ತಾಗಿಸಬೇಡ, ದಾರ ಪೋಣಿಸುವ ಗಾಳದ ಕಣ್ಣಿಗೆ ಹರಿಯಲು ಬಿಡಬೇಡ. ಮೊದಲ ಸಲ ಅವಳು ಗಾಳದ ಕಣ್ಣುಗಳನ್ನೆಲ್ಲ ವಾರ್ನಿಶ್ ಮೆತ್ತಿ ಮುಚ್ಚಿಬಿಟ್ಟಿದ್ದಳು. ಮನೆಯ ಗಾಜು ಅದುರುವಂತೆ ಕೂಗಾಡಿದ್ದರು ಮಾವ. ಅವಳು ತುಟಿ ಪಿಟಕ್ಕೆನ್ನದೆ ಸೂಜಿ ತಂದು ಕೂತು, ಒಂದೊಂದೇ ಕಣ್ಣು ಬಿಡಿಸಿ ಕೊಟ್ಟಿದ್ದಳು.

ಗುರುವಾರ, ಮನೆಯಲ್ಲಿ ಹೆಂಡತಿಯೊಬ್ಬರೇ ಇದ್ದಾಗ, ಫೋರ್‌ಮನ್ನರು ದೋಣಿಯವನ ಮುರುಕಲು ಜಿಗ್ಗನ್ನು ಮೇಜಿನ ಮೇಲೆ ಗಾಳ ಕಚ್ಚಿ ಹಿಡಿಯುವ ಪುಟ್ಟ ವೈಸಿಗೆ ಸಿಕ್ಕಿಸಿದರು. ಹಳೆಯ ನೂಲನ್ನು ಬ್ಲೇಡಿನಿಂದ ಸೀಳುವವರು ಇದ್ದಾರೆ. ಫೋರ್‌ಮನ್ನರಿಗೆ ಅದು ಆಗದು. ಬ್ಲೇಡು ಬಣ್ಣ ಕೆರೆಯುತ್ತದೆ. ಅವರದು ನಿಧಾನದ ದಾರಿ. ಥಿನ್ನರ್ ಹಚ್ಚಿ ವಾರ್ನಿಶ್ ಮೆತ್ತಗೆ ಮಾಡಿ, ಸೂಜಿಯಿಂದ ನೂಲಿನ ತುದಿ ಎಬ್ಬಿಸಿ, ಸುತ್ತಿದಂತೆಯೇ ಸುತ್ತು ಸುತ್ತಾಗಿ ಬಿಚ್ಚುವುದು. ಇಷ್ಟು ವರ್ಷದಲ್ಲಿ ಅವರು ಸುತ್ತಿದ್ದೆಲ್ಲ ಒಂದೇ ದಿಕ್ಕಿಗೆ: ತನ್ನಿಂದ ಆಚೆಗೆ. ಹಾಗಾಗಿ ಬಿಚ್ಚುವುದು ತನ್ನ ಕಡೆಗೆ.

ತುದಿ ಹಿಡಿದು ತನ್ನ ಕಡೆಗೆ ಎಳೆದರು. ನೂಲು ಬಿಚ್ಚಲಿಲ್ಲ, ಇನ್ನಷ್ಟು ಬಿಗಿಯಿತು.

"ಅರೆ!" ಎಂದರು. ಕನ್ನಡಕ ಒರೆಸಿಕೊಂಡು ಮತ್ತೆ ಎಳೆದರು. ಮತ್ತೂ ಬಿಗಿ. ಜಿಗ್ಗನ್ನು ತಿರುಗಿಸಿ ಸಿಕ್ಕಿಸಿದ್ದೇನೋ ಎಂದು ನೋಡಿದರು. ಇಲ್ಲ, ಸರಿಯಾಗಿಯೇ ಇತ್ತು. ಏನಾದರಾಗಲಿ ಎಂದು ಆಚೆ ಕಡೆಗೆ ತಳ್ಳಿ ನೋಡಿದರೆ ನೂಲು ಬೆಣ್ಣೆಯಿಂದ ಬಂದಂತೆ ಸಲೀಸಾಗಿ ಬಿಚ್ಚಿಕೊಂಡು ಬಂತು.

ಇದು ತಾನು ಸುತ್ತಿದ್ದಲ್ಲ.

ಸುತ್ತು ಬಿಚ್ಚುತ್ತಾ ಹೋದರು. ಒಂದರ ಪಕ್ಕ ಒಂದು, ಎಲ್ಲೂ ಮೇಲೆ ಹತ್ತದೆ, ಎಲ್ಲೂ ಸಂದು ಬಿಡದೆ, ಹೊಸ ದಾರದ ಉಂಡೆಯಷ್ಟು ಚೊಕ್ಕ. ಆ ಪದರ ಮುಗಿಯಿತು. ಅದರ ಅಡಿಯಲ್ಲಿ ಇನ್ನೊಂದು ಪದರ ಕಂಡಿತು. ವಾರ್ನಿಶ್ ಅಲ್ಲಿಗೆ ಇಳಿದಿರಲಿಲ್ಲ. ಒಂದು ಸುತ್ತು ಅತ್ತ, ಒಂದು ಸುತ್ತು ಇತ್ತ, ನಡುವೆ ಸೂಜಿ ತೂರುವಷ್ಟು ಸಡಿಲ. ಕೊನೆಯ ಗಂಟಂತೂ ಗಂಟೇ ಅಲ್ಲ, ಬರೀ ಸಿಕ್ಕು. ಅದರ ದಿಕ್ಕು ಮಾತ್ರ ಅವರದೇ. ಎರಡು ಬೆರಳಲ್ಲಿ ಕೂದಲು ಹಿಡಿದು ಮೆಲ್ಲಗೆ ಎಳೆದರು. ಉಳಿದಿದ್ದಷ್ಟೂ ಕೂದಲು ಕೈಗೆ ಬಂತು.

ಫೋರ್‌ಮನ್ನರು ಬಿಚ್ಚಿದ ನೂಲನ್ನು ಕನ್ನಡಕದ ಹತ್ತಿರ ಹಿಡಿದರು. ಮನೆಯಲ್ಲಿ ಎಡಗೈಯವರು ಒಬ್ಬರೇ. ಚಾಕು ಹಿಡಿಯುವುದು, ಬಾಚಣಿಗೆ ಹಿಡಿಯುವುದು, ಬ್ಯಾಂಡೇಜ್ ಸುತ್ತುವುದು, ಎಲ್ಲ ಎಡಗೈಯಲ್ಲೇ. ಗಾಳವನ್ನು ತಿರುಗಿಸಿ ಹಿಡಿಯುವ ಎಡಗೈಯವರು ತಮ್ಮಿಂದ ಆಚೆಗೆ ಸುತ್ತಿದರೂ ಬಲಗೈಯವರ ಲೆಕ್ಕಕ್ಕೆ ಅದು ಎದುರು ಸುತ್ತು.

ಮೊದಲು ಬಂದದ್ದು ಸಿಟ್ಟು, ಅದೂ ಸಾಧಾರಣದ್ದಲ್ಲ. ನನ್ನ ಮೇಜು, ನನ್ನ ನೂಲು, ನನ್ನ ಕಸಬು, ಅದರ ಮೇಲೆ ಹೇಳದೆ ಕೇಳದೆ ಇನ್ನೊಬ್ಬರ ಕೈ! ಎದ್ದು ಹೋಗಿ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಮುಂದೆ ಜಿಗ್ ಹಿಡಿದರು.

"ಇದು ನಿನಗೆ ಗೊತ್ತಿತ್ತಾ?"

ಅವರು ದಿಂಬಿನ ಚೀಲ ಮಡಚಿ ಮುಗಿಸಿಯೇ ತಲೆಯೆತ್ತಿದ್ದು. "ಗೊತ್ತಿತ್ತು."

"ಮಗನಿಗೆ?"

"ಅವನಿಗೂ ಗೊತ್ತು."

"ಭೇಷ್! ಅಂದ್ರೆ ಮನೆಗೆಲ್ಲಾ ಗೊತ್ತು, ನಾನೊಬ್ಬನೇ ಮಂಕು ದಿಣ್ಣೆ."

"ಕೂಗಬೇಡಿ. ಕೂತ್ಕೊಳ್ಳಿ ಇಲ್ಲಿ." ಬಟ್ಟೆ ಸರಿಸಿ ಜಾಗ ಮಾಡಿದರು. "ಹೋದ ಚಳಿಗಾಲದಲ್ಲಿ ಒಂದು ಸಂಜೆ ನೀವು ನೂಲಿನ ಬಾಬಿನ್ ಗೋಡೆಗೆ ಬಿಸಾಡಿ, 'ಇದೂ ಹೋಯ್ತು ಕಣೇ' ಅಂದು ಊಟ ಬಿಟ್ಟು ಮಲಗಿದ್ರಿ. ನೆನಪಿದೆಯಾ? ನಿಮಗೆಲ್ಲಿ ನೆನಪಿರುತ್ತೆ. ನಿಮ್ಮ ಸೊಸೆಗಿದೆ. ಮಾರನೇ ದಿನದಿಂದ ಬಾಗಿಲ ಸಂದಿಯಿಂದ ನಿಮ್ಮ ಕೈ ನೋಡಿ ನೋಡಿ ಗಂಟು ಕಲಿತಳು. ಅಭ್ಯಾಸ ಮಾಡಿದ್ದು ಯಾವುದರ ಮೇಲೆ ಅಂದ್ಕೊಂಡ್ರಿ? ನನ್ನ ಹೆಬ್ಬೆರಳ ಮೇಲೆ! ಸುತ್ತಿ ಸುತ್ತಿ ನೀಲಿಗಟ್ಟಿಸಿಬಿಟ್ಟಿದ್ಳು. ಸಾಕು ಮಾರಾಯ್ತಿ ಅಂದ್ರೆ, 'ಇನ್ನೊಂದೇ ಒಂದು ಅತ್ತೆ' ಅಂತಿದ್ಳು. ಆಮೇಲೆ ವಾರ್ನಿಶ್ ಹಚ್ತೀನಿ ಅಂತ ನಿಮ್ಮನ್ನ ಒಪ್ಪಿಸಿದ್ಳು. ಈಗ ಬೈಯಿರಿ, ಎಷ್ಟು ಬೇಕಾದ್ರೂ ಬೈಯಿರಿ."

ಫೋರ್‌ಮನ್ನರು ಬಟ್ಟೆ ಸರಿಸಿದ ಜಾಗದಲ್ಲಿ ಕೂತರು. ಡ್ಯೂಟಿಗೆ ಹೋಗುವ ಮೊದಲು ಎಂದರೆ ಕತ್ತಲು ಹರಿಯುವ ಹೊತ್ತು. ಆ ಹೊತ್ತಿನಲ್ಲಿ ಎದ್ದು ತಮ್ಮ ಸಿಕ್ಕುಗಂಟುಗಳ ಮೇಲೆ ಹೊಸ ನೂಲು ಸುತ್ತಿ, ವಾರ್ನಿಶ್ ಬಳಿದು, ಇದ್ದ ಹಾಗೆಯೇ ಇದ್ದ ಜಾಗದಲ್ಲಿಟ್ಟು ಆಸ್ಪತ್ರೆಗೆ ಓಡುತ್ತಿದ್ದಳು ಹುಡುಗಿ. ನಿನ್ನೆ ಊಟಕ್ಕೆ ಕೂತಾಗ ಗಂಟಿನ ಬಗ್ಗೆ ಅವಳಿಗೇ ಪಾಠ ಹೇಳಿದ್ದು ನೆನಪಾಗಿ ಅವರ ಕಿವಿ ಬಿಸಿಯಾಯಿತು.

ಆಮೇಲೆ ಭಾನುವಾರ ನೆನಪಾಯಿತು.

ದೋಣಿಮನೆಯಲ್ಲಿ ಎಲ್ಲರ ಕಣ್ಣೆದುರು ಒಂದು ಜಿಗ್ ಕಟ್ಟಬೇಕು. ಸಡಿಲ ಗಂಟನ್ನು ಬೆಳಗಾಗುವುದರೊಳಗೆ ಗಟ್ಟಿ ಮಾಡಿಕೊಡಲು ಅಲ್ಲಿ ಯಾರೂ ಇರುವುದಿಲ್ಲ. ಜೀವಮಾನವೆಲ್ಲ ಗಳಿಸಿದ್ದು ಆ ಒಂದು ಹೆಸರು. ಅದು ಆ ಕೂದಲಿನ ಹಾಗೆಯೇ ಹೊಸಬರ ಮುಂದೆ ಕಿತ್ತು ಕೈಗೆ ಬರಲಿತ್ತು. ಆ ದಿನವೂ ಮರುದಿನವೂ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ಮೊಣಕೈ ಮೇಜಿಗೆ ಊರಿ ನೋಡಿದರು, ಉಸಿರು ಬಿಗಿಹಿಡಿದು ನೋಡಿದರು, ಮಾತ್ರೆ ನುಂಗಿ ಗಳಿಗೆ ಕಾದು ನೋಡಿದರು. ಕೂದಲು ಹಿಡಿದ ಎಡಗೈ ಹೇಗೋ ಹತೋಟಿಗೆ ಬರುತ್ತಿತ್ತು. ನೂಲು ಸುತ್ತುವ ಬಲಗೈ ಮಾತ್ರ ಯಾರಪ್ಪನ ಮಾತೂ ಕೇಳಲಿಲ್ಲ. ಜ್ವರ ಬಂದಿದೆ ಎಂದು ಮಲಗಿಬಿಡಲೇ ಎಂದುಕೊಂಡರು. ಆದರೆ ಮನೆಯಲ್ಲಿ ನರ್ಸು ಇದ್ದಾಳೆ. ಸುಳ್ಳು ಜ್ವರಕ್ಕೆ ಆ ಮನೆಯಲ್ಲಿ ಉಳಿಗಾಲವಿಲ್ಲ.

ಶನಿವಾರ ಸಂಜೆ ಸೊಸೆ ಬಂದವಳೇ ಕುರ್ಚಿಯಲ್ಲಿ ಕುಸಿದು ಕೂತು, ಎಡಗೈಯ ಬೆರಳುಗಳನ್ನು ಬಲಗೈಯಿಂದ ಒತ್ತಿಕೊಳ್ಳುತ್ತಾ ಹೇಳಿದಳು: "ಮಾವ, ನಾಳೆ ರಜೆ ಹಾಕಿದೀನಿ. ನಿಮ್ಮ ಜೊತೆ ನಾನೂ ಬರ್ತೀನಿ."

"ನೀನ್ಯಾಕಮ್ಮ?"

"ಸುಮ್ಮನೆ. ನೋಡೋಕೆ."

ಸುಮ್ಮನೆಯಂತೆ! ಅವಳ ಕಣ್ಣಲ್ಲಿ ತನಗಿಂತ ಹೆಚ್ಚು ಗಾಬರಿ ಇದ್ದದ್ದು ಫೋರ್‌ಮನ್ನರಿಗೆ ಕಂಡಿತು. ತನಗೆ ವಿಷಯ ಗೊತ್ತಾಗಿದೆ ಎಂದು ಹೇಳಲು ಬಾಯಿ ತೆರೆದರು. "ಕಾಫಿ ಕುಡಿ, ಆರಿಹೋಗುತ್ತೆ," ಎಂದಷ್ಟೇ ಹೇಳಿ ಎದ್ದುಹೋದರು.

ದೋಣಿಮನೆ ಎಂದರೆ ನದಿ ದಂಡೆಯ ತಗಡಿನ ಶೆಡ್ಡು. ಒಳಗೆ ಹಗ್ಗ, ಟಾರು, ಒದ್ದೆ ಮರದ ವಾಸನೆ. ನಡುವೆ ಒಂದು ಮೇಜು, ಮೇಜಿನ ತುದಿಗೆ ಫೋರ್‌ಮನ್ನರ ವೈಸು, ಸುತ್ತ ಹೊಸಬರು. ಬೇಕರಿಯವನು, ಲೈಬ್ರರಿಯ ಮೇಡಂ, ಮೊನ್ನೆ ರಿಟೈರಾದ ಪೋಸ್ಟ್‌ಮನ್, ಹೀಗೆ. ದೋಣಿಯವನು ಹಲ್ಲಿನ ಭಯ ಬಿಟ್ಟು ಮತ್ತೊಮ್ಮೆ ಹೊಗಳಿದ. "ಇವರ ಗಂಟು ಬಿಚ್ಚಿದ ಮೀನು ಇನ್ನೂ ಹುಟ್ಟಿಲ್ಲ," ಎಂದ. ಸೊಸೆ ಬಾಗಿಲ ಬಳಿ ನಿಂತಿದ್ದಳು.

ಫೋರ್‌ಮನ್ನರು ಮಾತು ಶುರು ಮಾಡಿದರು. ಮಾತಿಗೇನು, ಅದು ನಡುಗುತ್ತಿರಲಿಲ್ಲ. ಜಿಂಕೆ ಬಾಲದ ಬುಡದ ಕೂದಲು ಟೊಳ್ಳು, ಬಿಗಿದರೆ ಕೊಡೆಯಂತೆ ಅರಳುತ್ತದೆ. ತುದಿಯದು ಗಟ್ಟಿ, ಅದು ನೆಟ್ಟಗೆ ನಿಲ್ಲುತ್ತದೆ. ನಮಗೆ ಬೇಕಾದ್ದು ನಡುವಿನದು ಎಂದು ತೋರಿಸಿದರು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಒಳಗಿನ ತುಪ್ಪಟ ಬಾಚಿ ತೆಗೆದರು. "ಹೊಸಬರೆಲ್ಲ ಮಾಡೋ ತಪ್ಪು ಒಂದೇ. ಇಷ್ಟೇನಾ ಅಂತ ಇನ್ನೊಂದು ಚಿಟಿಕೆ ಸೇರಿಸ್ತಾರೆ. ಸೇರಿಸಬೇಡಿ. ಕೈ ಬಿಗಿ ಹಿಡೀರಿ," ಎಂದರು. ಜನ ತಲೆದೂಗಿದರು.

ಆಮೇಲೆ ಕೂದಲನ್ನು ಗಾಳದ ಮೇಲಿಟ್ಟು ನೂಲು ತಂದರು. ಬಾಬಿನ್ ಸೀಸದ ತಲೆಗೆ ಟಕಟಕ ಬಡಿಯಿತು. ಒಂದು ಸುತ್ತು ಜಾರಿತು. ಇನ್ನೊಂದು ಸುತ್ತು ಅದರ ಮೇಲೆ ಹತ್ತಿತು. ಕೂದಲು ಬೆರಳ ನಡುವಿನಿಂದ ಜಾರಿ ಮೇಜಿನ ಮೇಲೆ ಚೆಲ್ಲಾಪಿಲ್ಲಿಯಾಯಿತು. ಪೋಸ್ಟ್‌ಮನ್ ತನ್ನ ಬೂಟು ನೋಡಿಕೊಂಡ. ಲೈಬ್ರರಿ ಮೇಡಂ ಕಿಟಕಿ ನೋಡಿದರು. ದೋಣಿಯವನು, "ಮೊದಲು ಎಲ್ಲರೂ ಒಂದು ಟೀ..." ಎಂದು ಎದ್ದ.

ಬಾಗಿಲ ಬಳಿಯಿಂದ ಸೊಸೆ ಎರಡು ಹೆಜ್ಜೆ ಮುಂದೆ ಬಂದು, "ಚಳಿಗೆ ಇವರ ಕೈ ಸ್ವಲ್ಪ..." ಎಂದಳು.

"ಚಳಿಗಲ್ಲಮ್ಮ," ಎಂದರು ಫೋರ್‌ಮನ್ನರು. ಬಾಬಿನ್ ಕೆಳಗಿಟ್ಟು ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿದರು, ಎಲ್ಲರಿಗೂ ಕಾಣುವ ಹಾಗೆ. "ನೋಡಿ. ಕಾಯಿಲೆ ಇದು, ಹೋಗೋದಲ್ಲ. ನೀವೆಲ್ಲ ಹೊಗಳ್ತಿರೋ ಗಂಟು ನಂದಲ್ಲ. ನನ್ನ ಗಂಟು ಹೋದ ವರ್ಷವೇ ಮುಗೀತು. ಅದರ ಮೇಲೆ ಇನ್ನೊಬ್ಬರು ದಿನಾ ಬೆಳಿಗ್ಗೆ ಎದ್ದು ಗಂಟು ಹಾಕ್ತಿದ್ರು, ನನಗೇ ಗೊತ್ತಾಗದ ಹಾಗೆ. ಅಗೋ, ಅಲ್ಲಿ ನಿಂತಿದಾಳಲ್ಲ, ನನ್ನ ಸೊಸೆ. ಅವಳ ಗಂಟು ಅದು."

"ಮಾವ, ನಾನು..."

"ಬಾರಮ್ಮ. ಕಟ್ಟಿ ತೋರಿಸು ಇವರಿಗೆ."

ಅವಳು ಮೇಜಿನ ಬಳಿ ಬಂದಳು. ಚೆಲ್ಲಿದ ಕೂದಲು ನೋಡಿದಳು. ಕೈ ಕಟ್ಟಿಕೊಂಡೇ ನಿಂತಳು.

"ನನಗೆ ಬರಲ್ಲ ಮಾವ."

"ಏನು ಬರಲ್ಲ? ಇಷ್ಟು ದಿನ ಮಾಡಿಲ್ವಾ?"

"ಗಂಟು ಬರುತ್ತೆ. ಕೂದಲು ಬರಲ್ಲ." ಅವಳ ದನಿ ಸಣ್ಣಗಿತ್ತು, ಆದರೆ ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿತು. "ಎಷ್ಟು ಇಡಬೇಕು, ಯಾವುದನ್ನ ಬಿಡಬೇಕು, ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಸಲ ನಾನೇ ಇಟ್ಟು ನೋಡಿದೆ, ಪೊರಕೆ ಹಾಗಾಯ್ತು, ಕಸಕ್ಕೆ ಹಾಕಿದೆ. ನಿಮ್ಮ ಕೂದಲನ್ನ ನಾನು ಒಂದು ಎಳೆ ಸಹ ಅಲ್ಲಾಡಿಸಿಲ್ಲ. ನೀವು ಇಟ್ಟದ್ದರ ಮೇಲೆ ಸುತ್ತಿದೀನಿ, ಅಷ್ಟೇ. ಮೀನು ಬರ್ತಿರೋದು ನಿಮ್ಮ ಕೂದಲಿಗೆ."

ಫೋರ್‌ಮನ್ನರು ಅವಳನ್ನೇ ನೋಡಿದರು. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಸ್ವಲ್ಪ ಸರಿದು ಕೂತಂತಾಯಿತು. "ಹಾಗಾದ್ರೆ ಕೂತ್ಕೋ ಎದುರಿಗೆ," ಎಂದರು.

ಅವಳು ಸ್ಟೂಲು ಎಳೆದುಕೊಂಡು ಮೇಜಿನ ಆಚೆ ಬದಿಗೆ ಕೂತಳು. ಅಲ್ಲಿಂದ ಗಾಳ ಅವಳ ಎಡಗೈಗೆ ಹೇಳಿ ಮಾಡಿಸಿದಂತೆ ಸಿಕ್ಕಿತು. ಮೊದಲು ಜಾರಿದ ನೂಲು ಬಿಚ್ಚಿ, ಬರಿಯ ಗಾಳಕ್ಕೆ ಅಡಿಪದರವಾಗಿ ನೂಲಿನ ಹಾಸು ಹಾಕಿದಳು. ಫೋರ್‌ಮನ್ನರು ಹೊಸ ಕೂದಲು ಆರಿಸಿದರು, ಅರ್ಧಕ್ಕರ್ಧ ತೆಗೆದು ಬಿಸಾಡಿದರು, ಉಳಿದದ್ದನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಮೊಣಕೈ ಊರಿ, ಸೀಸದ ತಲೆಯ ಹಿಂದೆ ಇಟ್ಟರು. ಬೆರಳು ನಡುಗುತ್ತಲೇ ಇತ್ತು. ಅವಳು ನೂಲನ್ನು ಆ ಬೆರಳುಗಳ ಮೇಲಿನಿಂದಲೇ ಸಡಿಲವಾಗಿ ತಂದು ಒಂದು ಸುತ್ತು ಹಾಕಿದಳು.

"ಬಿಡಬೇಡಿ," ಎಂದಳು. ಆ ದನಿ ಡ್ರೆಸ್ಸಿಂಗ್ ರೂಮಿನದು. ದೊಡ್ಡ ದೊಡ್ಡ ಆಸಾಮಿಗಳನ್ನೂ ಮಂಚದ ಮೇಲೆ ಸುಮ್ಮನೆ ಕೂರಿಸುವಂಥದು. ಫೋರ್‌ಮನ್ನರು ಬಿಡಲಿಲ್ಲ. ಅವಳು ನೂಲನ್ನು ನಿಧಾನವಾಗಿ ಜಗ್ಗಿದಳು. ಕೂದಲು ನೂಲಿನಡಿ ಕೂತಿತು, ಬುಡ ಅರಳಿತು. ಸುತ್ತಿನ ಪಕ್ಕ ಸುತ್ತು. ಕೊನೆಗೆ ನೂಲಿನ ಕುಣಿಕೆ ಮಾಡಿ, ಅದರೊಳಗೇ ತುದಿಯನ್ನು ಹೂತು, ಎಳೆದು, ಕತ್ತರಿಸಿದಳು.

"ಈಗ ಬಿಡಿ ಮಾವ."

ಬಿಟ್ಟರು. ಬೇಕರಿಯವನು ಜಿಗ್ ಎತ್ತಿಕೊಂಡು ಕೂದಲು ಹಿಡಿದು ಜೋರಾಗಿ ಜಗ್ಗಿ, "ಅಬ್ಬಾ!" ಎಂದ. ದೋಣಿಯವನು ಮೂಗು ಒರೆಸಿಕೊಂಡು, ತನಗೆ ನೆಗಡಿಯೆಂದು ಯಾರೂ ಕೇಳದಿದ್ದರೂ ಹೇಳಿದ. ಆಮೇಲೆ ಹೊಸಬರು ಇಬ್ಬಿಬ್ಬರಾಗಿ ಎದುರುಬದುರು ಕೂತು, ಒಬ್ಬರು ಹಿಡಿದು ಒಬ್ಬರು ಸುತ್ತಿ ಕಲಿಯತೊಡಗಿದರು. ಹಾಗೆ ಕಟ್ಟುವುದೇ ಪದ್ಧತಿ ಎಂದು ಅವರು ತಿಳಿದರೋ ಏನೋ. ಯಾರೂ ತಿದ್ದಲು ಹೋಗಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಸೇತುವೆ ದಾಟಿದ ಮೇಲೆ ಸೊಸೆಯೇ ಕೇಳಿದಳು, "ಮಾವ, ಗೊತ್ತಾದಾಗ ಕೋಪ ಬಂತಾ?"

"ಬಂತು. ನಿನ್ನನ್ನ ಹಿಡಿದು ಬೈಯಬೇಕು ಅಂತಲೇ ಎದ್ದಿದ್ದೆ."

"ಮತ್ತೆ ಯಾಕೆ ಬೈಲಿಲ್ಲ?"

"ನಿಮ್ಮತ್ತೆ ತನ್ನ ಹೆಬ್ಬೆರಳು ತೋರಿಸಿದ್ಳು."

ಅವಳು ನಕ್ಕಳು. ಆಮೇಲೆ ಹೇಳಿದಳು: "ನೀವು ನೊಂದ್ಕೋತೀರ ಅಂತ ಹೇಳಲಿಲ್ಲ ಮಾವ. ಅದೂ ಅಲ್ಲದೆ, ಇಡೀ ದಿನ ಗಾಯಗಳಿಗೇ ಬ್ಯಾಂಡೇಜ್ ಸುತ್ತೋಳು ನಾನು. ನಾನು ಕೈ ಹಾಕಿದ್ರೆ ಎಲ್ಲರೂ ಅಳ್ತಾರೆ. ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ನಿಮ್ಮ ಜಿಗ್ ಸುತ್ತೋವಾಗ ಮಾತ್ರ ಯಾರೂ ಅಳಲ್ಲ. ನನಗೂ ಅದು ಬೇಕಿತ್ತು."

ಫೋರ್‌ಮನ್ನರು ನಿಂತರು. ಮನೆಯವರಿಗೆ ಉಪಕಾರ ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಕಾರ್ಖಾನೆಯಲ್ಲಿ ಕೂಗಿ ಕೂಗಿ ದಪ್ಪಗಾದ ಗಂಟಲು, ಮೆತ್ತಗಿನ ಮಾತು ಅದರಲ್ಲಿ ಸಲೀಸಾಗಿ ಬರುವುದಿಲ್ಲ. ಆದರೂ ಹೇಳಿದರು.

"ಕೇಳಿಲ್ಲಿ. ನನ್ನ ಕೈ ಹೋಗಿ ಒಂದು ವರ್ಷವಾಯ್ತು. ಹೋಯ್ತು ಅಂತ ನನಗೆ ಗೊತ್ತಾಗಿದ್ದು ಮೊನ್ನೆ. ನಡುವಿನ ಅಷ್ಟೂ ದಿನ ನಾನು ರಾಜನ ಹಾಗೆ ಇದ್ದೆ. ದಿನಾ ಸಂಜೆ ಮೇಜಿಗೆ ಕೂತೆ, ದಿನಾ ಜಂಬ ಕೊಚ್ಚಿದೆ, ನೆಮ್ಮದಿಯಾಗಿ ಮಲಗಿದೆ. ಆ ವರ್ಷ ನಾನು ಬದುಕಿದ್ದಲ್ಲ ಮಗಳೇ, ನೀನು ಕೊಟ್ಟದ್ದು. ಯಾವ ಡಾಕ್ಟರೂ ಅದನ್ನ ಕೊಡೋಕೆ ಆಗ್ತಿರಲಿಲ್ಲ. ನಿನಗೆ ನಾನು ಏನು ಕೊಡ್ಲಿ ಹೇಳು?"

ಅವಳು ಕಣ್ಣೊರೆಸಿಕೊಂಡು, "ಕೂದಲು ಇಡೋದು ಹೇಳಿಕೊಡಿ," ಎಂದಳು. "ಆದರೆ ಕೂಗಾಡಬಾರದು."

"ಕೂಗಾಡದೆ ಕಲಿಸೋಕೆ ನನಗೆ ಬರಲ್ಲ ಕಣಮ್ಮ."

"ಹಾಗಾದ್ರೆ ಮೆತ್ತಗೆ ಕೂಗಾಡಿ."

ಮನೆಗೆ ಬಂದವರೇ ಫೋರ್‌ಮನ್ನರು ಬೂಟು ಸಹ ಬಿಚ್ಚದೆ ತಮ್ಮ ಮೇಜಿನ ಬಳಿ ಹೋದರು. ಯಾರೂ ಇಣುಕಬಾರದೆಂದು ಅವರು ಅದನ್ನು ಗೋಡೆಗೆ ಒತ್ತಿಯೇ ಇಟ್ಟಿದ್ದರು. ಈಗ ಒಂದು ಕಾಲು ಹಿಡಿದು ಎಳೆದರು. ಮೇಜು ಕಿರ್ರೆಂದಿತು, ನೂಲಿನ ಉಂಡೆಗಳು ನೆಲಕ್ಕೆ ಉರುಳಿದವು, ಒಳಗಿನಿಂದ ಹೆಂಡತಿ, "ಏನ್ರೀ ಅದು ಗಲಾಟೆ?" ಎಂದು ಕೂಗಿದರು.

"ಎದುರಿಗೆ ಕುರ್ಚಿ ಹಾಕೋಕೆ ಜಾಗ ಮಾಡ್ತಿದೀನಿ," ಎಂದು ಫೋರ್‌ಮನ್ನರು ಅಷ್ಟೇ ಜೋರಾಗಿ ಕೂಗಿದರು. "ಬಂದು ಒಂದು ಕಡೆ ಹಿಡ್ಕೋ."